ಲಾರಿಯ ಆರು ಸಿಲಿಂಡರಿಗೆ ಉಸಿರು ಕೊಟ್ಟವರು

1953ರ ಜೂನ್ 30ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಮೊದಲ ಷೆವರ್ಲೆ ಕಾರ್ವೆಟ್ ಕಾರ್ಖಾನೆಯಿಂದ ಹೊರಬಂತು. ಬಿಳಿ ಬಣ್ಣ, ಒಳಗೆ ಕೆಂಪು ಸೀಟು, ಫೈಬರ್‌ಗ್ಲಾಸಿನ ಮೈ. ಅಮೆರಿಕನ್ನರು ತಮ್ಮ ದೇಶದ ಸ್ಪೋರ್ಟ್ಸ್ ಕಾರು ಎಂದು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಆ ಗಾಡಿಯ ಬಾನೆಟ್ ಎತ್ತಿದರೆ ಕಾಣುತ್ತಿದ್ದುದು ಲಾರಿ ವಂಶದ ಎಂಜಿನ್. 235 ಘನ ಇಂಚಿನ, ಅಂದರೆ ಸುಮಾರು 3.9 ಲೀಟರಿನ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಈ ಎಂಜಿನನ್ನು ಷೆವರ್ಲೆ 1941ರಲ್ಲಿ ಭಾರ ಹೊರುವ ಲಾರಿಗಳಿಗಾಗಿ ತಂದಿತ್ತು. 1953ರಲ್ಲಿ ಆಟೊಮ್ಯಾಟಿಕ್ ಗೇರಿನ ಸಾಮಾನ್ಯ ಷೆವರ್ಲೆ ಕಾರುಗಳಲ್ಲಿ ಅದು 115 ಅಶ್ವಶಕ್ತಿ ಕೊಡುತ್ತಿತ್ತು. ಕಾರ್ವೆಟ್‌ನಲ್ಲಿ 150 ಕೊಟ್ಟಿತು.

ಸಿಲಿಂಡರಿನ ಅಗಲ ಬದಲಾಗಿರಲಿಲ್ಲ, ಪಿಸ್ಟನ್ ಓಡಾಡುವ ಉದ್ದವೂ ಬದಲಾಗಿರಲಿಲ್ಲ. ಒಂದು ಕಾರ್ಬೊರೇಟರ್ ಇದ್ದಲ್ಲಿ ಮೂರು ಬಂದಿದ್ದವು. ವಾಲ್ವುಗಳನ್ನು ಇನ್ನಷ್ಟು ಎತ್ತಿ ಹಿಡಿಯುವ ಕ್ಯಾಮ್‌ಶಾಫ್ಟ್ ಬಂದಿತ್ತು. ಉರಿಯುವ ಮುನ್ನ ಗಾಳಿಯನ್ನು ಅದುಮುವ ಪ್ರಮಾಣ, ಅಂದರೆ ಕಂಪ್ರೆಷನ್, ಒಂದಕ್ಕೆ ಎಂಟರಷ್ಟಾಗಿತ್ತು. ಹೊಗೆ ಹೋಗುವ ಕೊಳವೆ ಒಂದರಿಂದ ಎರಡಾಗಿತ್ತು. ಹೆಚ್ಚುವರಿ 35 ಅಶ್ವಶಕ್ತಿ ಹುಟ್ಟಿದ್ದು ಗಾಳಿಯಿಂದ.

ಕಂಪನಿಯ ಎಂಜಿನಿಯರುಗಳು ಕಾರ್ಖಾನೆಯಲ್ಲಿ ಇದನ್ನು ಮಾಡುವ ಎಷ್ಟೋ ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮನೆಯ ಹಿಂದಿನ ಶೆಡ್ಡುಗಳಲ್ಲಿ ಇದನ್ನೇ ಮಾಡಿ ಮುಗಿಸಿದ್ದರು. ಹಳೆಯ ಗಾಡಿಯ ಎಂಜಿನ್ ಬಿಚ್ಚಿ, ತಿದ್ದಿ, ಓಡಿಸಿ, ಗಡಿಯಾರ ಹಿಡಿದು ವೇಗ ಅಳೆಯುವ ಈ ಕಸುಬಿಗೆ ಹಾಟ್ ರಾಡಿಂಗ್ ಎಂಬ ಹೆಸರು. ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಗಟ್ಟಿ ನೆಲವೇ ಅವರ ಓಟದ ಕಣ. ಈ ಓಟಗಳಿಗೆ ನಿಯಮ ಕಟ್ಟಲು ಅಲ್ಲಿನ ಕ್ಲಬ್ಬುಗಳು 1937ರಲ್ಲೇ ಒಂದು ಒಕ್ಕೂಟ ಮಾಡಿಕೊಂಡಿದ್ದವು. 1949ರಲ್ಲಿ ಅದೇ ಒಕ್ಕೂಟ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ತನ್ನ ಮೊದಲ ವೇಗದ ವಾರ ನಡೆಸಿತು.

ಈ ಲೋಕದ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1932ರ ಫೋರ್ಡ್ ವಿ-8 ಎಂಜಿನ್ನಿನ ಕತೆ ಹೇಳುತ್ತಾರೆ. ಅದು ಅಗ್ಗ, ಎಲ್ಲೆಂದರಲ್ಲಿ ಸಿಗುತ್ತಿತ್ತು, ಬಿಡಿಭಾಗಗಳೂ ಹೇರಳ. ಬಹುಪಾಲು ಹುಡುಗರು ಅದನ್ನೇ ಹಿಡಿದರು. ನನ್ನ ಮನಸ್ಸು ಸೋತಿರುವುದು ಅದರ ಪಕ್ಕದಲ್ಲಿ ನಡೆದ ಇನ್ನೊಂದು ಕತೆಗೆ. ಷೆವರ್ಲೆ ಮತ್ತು ಜಿಎಂಸಿ ಲಾರಿಗಳ ಆರು ಸಿಲಿಂಡರಿನ ಎಂಜಿನನ್ನೇ ಹಿಡಿದು ಫೋರ್ಡಿನವರನ್ನು ಹಿಂದೆ ಹಾಕಲು ಹೊರಟವರ ಕತೆ ಅದು. ಎಂಜಿನ್ ಎಂದರೇನು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಲಾರಿಯ ಎಂಜಿನ್ನಿನಲ್ಲಿ ಕೊರತೆಯೆಂದು ಕಾಣುವ ಒಂದೊಂದಕ್ಕೂ ಒಂದು ಕಾರಣವಿದೆ. ಆ ಕಾರಣ ತಿಳಿಯದೆ ಕೈ ಹಾಕಿದವರ ಎಂಜಿನ್ ಒಡೆಯಿತು. ತಿಳಿದು ಕೈ ಹಾಕಿದವರದು ಓಡಿತು.

ಮೊದಲು ಆ ಎಂಜಿನ್ನಿನ ಸ್ವಭಾವ ನೋಡೋಣ. ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಕ್ರ್ಯಾಂಕ್‌ಶಾಫ್ಟಿನ ಬಾಗುಗಳು ಎರಡೆರಡರಂತೆ 120 ಡಿಗ್ರಿ ಅಂತರದಲ್ಲಿ ಕೂರುತ್ತವೆ. ಒಂದು ಜೋಡಿ ಪಿಸ್ಟನ್ ಮೇಲಕ್ಕೆ ಎಳೆದ ಬಲವನ್ನು ಉಳಿದ ಎರಡು ಜೋಡಿಗಳು ಸರಿದೂಗಿಸುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕೈಗೆ ತಾಗುವ ಆ ಸಣ್ಣ ನಡುಕ ಇಲ್ಲಿಲ್ಲ. ಪ್ರತಿ 120 ಡಿಗ್ರಿಗೆ ಒಂದು ಸಿಲಿಂಡರ್ ಹೊತ್ತಿಕೊಳ್ಳುವುದರಿಂದ ಎಳೆತ ಎಲ್ಲೂ ಕಡಿಯುವುದಿಲ್ಲ. ಭಾರ ಹೊತ್ತು ನಿಧಾನವಾಗಿ ಏರು ಹತ್ತುವ ಗಾಡಿಗೆ ಬೇಕಾದ ಗುಣ ಇದೇ.

ಷೆವರ್ಲೆ ತನ್ನ ಆರು ಸಿಲಿಂಡರಿನ ಎಂಜಿನನ್ನು 1929ರಲ್ಲಿ ತಂದಿತು. 194 ಘನ ಇಂಚು, 46 ಅಶ್ವಶಕ್ತಿ. ನಾಲ್ಕರ ಬೆಲೆಗೆ ಆರು ಎಂದು ಜಾಹೀರಾತು ಮಾಡಿ ಮಾರಿದರು. 1937ರಲ್ಲಿ ಅದನ್ನು ಹೊಸದಾಗಿ ರೂಪಿಸಿ 216 ಘನ ಇಂಚಿಗೆ ಏರಿಸಿದರು, 85 ಅಶ್ವಶಕ್ತಿ ಬಂತು. 1941ರ 235 ಇದೇ ಕುಟುಂಬದ್ದು. 1954ರಲ್ಲಿ ಲಾರಿಗಳಿಗಾಗಿ 261 ಬಂತು. ಅತ್ತ ಸೋದರ ಕಂಪನಿ ಜಿಎಂಸಿ ತನ್ನದೇ ಬೇರೆ ಎಂಜಿನ್ ಮಾಡುತ್ತಿತ್ತು: 228, 248, 270, ಕೊನೆಗೆ 302 ಘನ ಇಂಚು. ಇವುಗಳಲ್ಲಿ 270ನ್ನು ಎರಡನೇ ಮಹಾಯುದ್ಧ ಊರೂರಿಗೆ ಒಯ್ದಿತು. ಅಮೆರಿಕದ ಸೇನೆಯ ಎರಡೂವರೆ ಟನ್ನಿನ ಜಿಎಂಸಿ ಲಾರಿಗಳು 5 ಲಕ್ಷಕ್ಕೂ ಹೆಚ್ಚು ತಯಾರಾದವು, ಅವುಗಳ ಒಳಗಿದ್ದುದು ಈ 270. ಅಸ್ಸಾಮಿನ ಲೇಡೊದಿಂದ ಬರ್ಮಾ ದಾಟಿ ಚೀನಾಕ್ಕೆ ಸರಕು ಒಯ್ದ ರಸ್ತೆಯಲ್ಲಿ ಓಡಿದವುಗಳಲ್ಲೂ ಈ ಲಾರಿಗಳಿದ್ದವು. ಯುದ್ಧ ಮುಗಿಸಿ ಮನೆಗೆ ಮರಳಿದ ಅಮೆರಿಕದ ಸಾವಿರಾರು ತರುಣರಿಗೆ ಈ ಎಂಜಿನ್ನಿನ ಒಳಹೊರಗು ಗೊತ್ತಿತ್ತು. ಅದನ್ನು ಬಿಚ್ಚಿ ಜೋಡಿಸುವುದನ್ನು ಸೇನೆಯೇ ಕಲಿಸಿತ್ತು.

ಇನ್ನು ಕೆಲಸದ ವಿಷಯ. ಹಳೆಯ ಲಾರಿ ಎಂಜಿನ್ ಸಿಕ್ಕಿದ ತಕ್ಷಣ ಕಾರ್ಬೊರೇಟರ್ ಹುಡುಕುವವರೇ ಹೆಚ್ಚು. ನನ್ನ ಪ್ರಕಾರ ಅದು ಕೊನೆಯ ಕೆಲಸ. ಮೊದಲು ನೋಡಬೇಕಾದ್ದು ಆಯಿಲ್.

216ರಲ್ಲಿ ಕ್ರ್ಯಾಂಕಿನ ಮುಖ್ಯ ಬೇರಿಂಗುಗಳಿಗೆ ಪಂಪಿನಿಂದ ಆಯಿಲ್ ಹೋಗುತ್ತಿತ್ತು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಹೋಗುತ್ತಿರಲಿಲ್ಲ. ಪ್ರತಿ ರಾಡಿನ ಕೆಳಗೆ ಡಿಪ್ಪರ್ ಎಂಬ ಪುಟ್ಟ ಲೋಹದ ತುದಿ ಇತ್ತು. ಎಂಜಿನ್ನಿನ ತಳದ ಸಂಪಿನೊಳಗಿನ ತೊಟ್ಟಿಯಲ್ಲಿ ನಿಂತ ಆಯಿಲ್‌ಗೆ ಅದು ಪ್ರತಿ ಸುತ್ತಿನಲ್ಲೂ ಮುಳುಗಿ, ಎತ್ತಿಕೊಂಡು, ಬೇರಿಂಗಿಗೆ ತಲುಪಿಸುತ್ತಿತ್ತು. ಬೇರಿಂಗು ಎಂದರೆ ರಾಡಿನ ಮೇಲೆಯೇ ಎರಕ ಹೊಯ್ದ ವೈಟ್ ಮೆಟಲ್. ಸವೆದರೆ ತೆಳುವಾದ ಶಿಮ್ ತೆಗೆದು ಬಿಗಿ ಮಾಡುವುದು, ತೀರಾ ಸವೆದರೆ ಹೊಸದಾಗಿ ಹೊಯ್ಯುವುದು. ಹಳ್ಳಿಯ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಲಾರಿಗೆ ಈ ಏರ್ಪಾಟು ಸಾಕು. ಯಾರು ಬೇಕಾದರೂ ರಿಪೇರಿ ಮಾಡಬಹುದಿತ್ತು, ಖರ್ಚು ಕಡಿಮೆ. ಅದನ್ನು ಹೀಗೆ ಮಾಡಿದ ಎಂಜಿನಿಯರ್ ದಡ್ಡನಲ್ಲ. ಆದರೆ ಇದೇ ಎಂಜಿನನ್ನು ಗಂಟೆಗಟ್ಟಲೆ ಜೋರಾಗಿ ತಿರುಗಿಸಿದರೆ ಬೇರಿಂಗಿಗೆ ಬೇಕಾದಷ್ಟು ಆಯಿಲ್ ಸಿಗುವುದಿಲ್ಲ, ವೈಟ್ ಮೆಟಲ್ ಕರಗಿ ರಾಡ್ ಬಡಿಯತೊಡಗುತ್ತದೆ. ಆಮೇಲೆ ಬ್ಲಾಕ್ ಒಡೆದು ರಾಡ್ ಹೊರಬರುವುದಕ್ಕೆ ಹೆಚ್ಚು ಹೊತ್ತು ಬೇಡ.

ಜಿಎಂಸಿ ಎಂಜಿನ್ನಿಗೆ ಹಾಟ್ ರಾಡ್ ಹುಡುಗರಲ್ಲಿ ಅಷ್ಟು ಗೌರವ ಬಂದದ್ದು ಇಲ್ಲಿಯೇ. ಅದರಲ್ಲಿ ರಾಡ್ ಬೇರಿಂಗಿನವರೆಗೂ ಪಂಪಿನ ಒತ್ತಡದಲ್ಲೇ ಆಯಿಲ್ ಹೋಗುತ್ತಿತ್ತು, ಬೇರಿಂಗುಗಳು ಬಿಚ್ಚಿ ಹಾಕುವಂಥವು. ಷೆವರ್ಲೆ 1953ರಿಂದ ಕೆಲವು ಕಾರುಗಳಿಗೆ, 1954ರಿಂದ ಎಲ್ಲಕ್ಕೂ ಈ ಪದ್ಧತಿ ತಂದಿತು. ಹಾಗಾಗಿ ಷೆವರ್ಲೆಯನ್ನೇ ಹಿಡಿಯುವವರು ಇಂದಿಗೂ 1954ರ ನಂತರದ 235 ಅಥವಾ 261ನ್ನು ಹುಡುಕುತ್ತಾರೆ. ನನ್ನ ಆಯ್ಕೆ 261. ಹೊರಗಿನಿಂದ 235ರಂತೆಯೇ ಕಾಣುವ ಅದರ ಸಿಲಿಂಡರಿನ ಅಗಲ ಮೂರು ಮುಕ್ಕಾಲು ಇಂಚು. ಒಂದು ಎಚ್ಚರಿಕೆ ಮಾತ್ರ ಬೇಕು. ಅಗಲ ಹೆಚ್ಚಿಸಲು ಸಿಲಿಂಡರುಗಳನ್ನು ಒಂದಕ್ಕೊಂದು ಅಂಟಿಸಿ ಎರಕ ಹೊಯ್ದಿರುವುದರಿಂದ ಅಂಟಿದ ಕಡೆ ನೀರು ಸುಳಿಯುವುದಿಲ್ಲ, ಅಲ್ಲಿ ಹುಟ್ಟುವ ಹಬೆ ಹೊರಹೋಗಲು ಸಣ್ಣ ರಂಧ್ರಗಳಿವೆ. 235ರ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ತಂದು 261ರ ಮೇಲೆ ಕೂರಿಸುವವರು ಆ ಹೆಡ್ಡಿಗೂ ಅದೇ ಜಾಗದಲ್ಲಿ ರಂಧ್ರ ಕೊರೆಯಲೇಬೇಕು. ಕೊರೆಯದಿದ್ದರೆ ಹಬೆ ಒಳಗೇ ನಿಂತು ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಆಯಿಲ್ ಆದ ಮೇಲೆ ಉಸಿರು. ಈ ಎಂಜಿನ್ನಿನ ಅತ್ಯಂತ ಸ್ವಾರಸ್ಯದ ಭಾಗ ಇದು, ಸ್ವಲ್ಪ ನಿಧಾನವಾಗಿ ನೋಡಬೇಕು.

ಆರು ಸಿಲಿಂಡರಿಗೆ ಗಾಳಿ ಒಳಬರುವ ಆರು ದಾರಿ, ಹೊಗೆ ಹೊರಹೋಗುವ ಆರು ದಾರಿ, ಒಟ್ಟು ಹನ್ನೆರಡು ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಷೆವರ್ಲೆ ಹೆಡ್ಡಿನಲ್ಲಿ ಇದ್ದುದು ಏಳು. ಒಳದಾರಿ ಮೂರೇ: 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು, 5 ಮತ್ತು 6ಕ್ಕೆ ಒಂದು. ಹೊರದಾರಿ ನಾಲ್ಕು: ತುದಿಯ ಎರಡು ಸಿಲಿಂಡರಿಗೆ ಒಂದೊಂದು, ನಡುವಿನ ನಾಲ್ಕಕ್ಕೆ ಎರಡು. ಏಳೂ ಒಂದೇ ಪಕ್ಕದಲ್ಲಿ. ಎರಕ ಹೊಯ್ಯುವುದು ಸುಲಭ, ಚಳಿಗಾಲದಲ್ಲಿ ಹೊಗೆಯ ಬಿಸಿ ಪಕ್ಕದಲ್ಲೇ ಇದ್ದು ಪೆಟ್ರೋಲನ್ನು ಆವಿ ಮಾಡಲು ನೆರವಾಗುತ್ತದೆ. ಲಾರಿಗೆ ಇದೂ ಸರಿಯೇ.

ಈಗ ಈ ಸಿಲಿಂಡರುಗಳು ಹೊತ್ತಿಕೊಳ್ಳುವ ಕ್ರಮ ನೋಡಿ: 1-5-3-6-2-4. ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಆರೂ ಒಮ್ಮೊಮ್ಮೆ ಉಸಿರೆಳೆಯುತ್ತವೆ. ನಡುವಿನ 3 ಮತ್ತು 4 ಅದೃಷ್ಟವಂತರು, ಒಂದು ಎಳೆದ ಮೇಲೆ ಇನ್ನೊಂದು ಎಳೆಯುವುದಕ್ಕೆ 360 ಡಿಗ್ರಿ ಅಂತರವಿದೆ. 1 ಮತ್ತು 2ರ ಪಾಡು ಬೇರೆ. 2 ಎಳೆದ 240 ಡಿಗ್ರಿಗೇ 1 ಎಳೆಯುತ್ತದೆ, ಆಮೇಲೆ 480 ಡಿಗ್ರಿ ಖಾಲಿ. 5 ಮತ್ತು 6ರದೂ ಇದೇ ಕತೆ. ಕಂಪನಿಯ ಮೆತ್ತನೆಯ ಕ್ಯಾಮ್ ಇರುವಾಗ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ವೇಗಕ್ಕೆಂದು ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದಾಗ ಮೊದಲು ಎಳೆಯುವುದರ ವಾಲ್ವ್ ಮುಚ್ಚುವ ಮುನ್ನವೇ ಆಮೇಲೆ ಎಳೆಯುವುದರ ವಾಲ್ವ್ ತೆರೆಯುತ್ತದೆ. ಒಂದೇ ನಲ್ಲಿಗೆ ಎರಡು ಬಿಂದಿಗೆ ಹಿಡಿದಂತೆ ಎರಡೂ ಅರ್ಧಂಬರ್ಧ ತುಂಬುತ್ತವೆ. ಎಷ್ಟು ಕಾರ್ಬೊರೇಟರ್ ಕೂರಿಸಿದರೂ ಹೆಡ್ಡಿನೊಳಗಿನ ಈ ಜಗಳ ತೀರುವುದಿಲ್ಲ.

ಇದನ್ನು ಬುಡದಿಂದಲೇ ಬಗೆಹರಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಕ್ಯಾಲಿಫೋರ್ನಿಯಾದ ವೇಯ್ನ್ ಹಾರ್ನಿಂಗ್. ಕಂಪನಿಯ ಹೆಡ್ ತಿದ್ದುವುದನ್ನು ಬಿಟ್ಟು ಆತ ಹೊಸ ಹೆಡ್ಡನ್ನೇ ಎರಕ ಹೊಯ್ಸಿದ. ಆರು ಸಿಲಿಂಡರಿಗೂ ಬೇರೆ ಬೇರೆ ಒಳದಾರಿ, ಬೇರೆ ಬೇರೆ ಹೊರದಾರಿ. ಗಾಳಿ ಒಂದು ಪಕ್ಕದಿಂದ ಬಂದು, ಉರಿದು, ಇನ್ನೊಂದು ಪಕ್ಕದಿಂದ ಹೊರಹೋಗಬೇಕು. ವೇಯ್ನ್ ಹೆಡ್ ಎಂದೇ ಪ್ರಸಿದ್ಧವಾದ ಈ ಹನ್ನೆರಡು ದಾರಿಯ ಹೆಡ್ ಷೆವರ್ಲೆಗೆ ಬಂತು, ಮುಂದೆ ಜಿಎಂಸಿಗೂ ಅಂಥವು ಬಂದವು. ಅದರ ಬೆಲೆ ಆ ಕಾಲದ ಹುಡುಗರಿಗೆ ಸಣ್ಣದಾಗಿರಲಿಲ್ಲ. ಕೊಂಡವರ ಗಾಡಿಗಳನ್ನು ಮಾತ್ರ ಫೋರ್ಡಿನವರು ಲಘುವಾಗಿ ನೋಡಲಾಗಲಿಲ್ಲ. ಇಂದು ಹಳೆಯ ವೇಯ್ನ್ ಹೆಡ್ ಸಿಕ್ಕರೆ ಅದನ್ನು ನಿಧಿ ಸಿಕ್ಕಂತೆ ಕಾಪಾಡುತ್ತಾರೆ.

ಹಣವಿಲ್ಲದವರು ಸುಮ್ಮನೆ ಕೂರಲಿಲ್ಲ. ಹೆಡ್ಡಿನ ತಳವನ್ನು ಮಿಲ್ಲಿಂಗ್ ಮಷೀನಿನಲ್ಲಿ ಕೊಂಚ ಕೆತ್ತಿಸಿ ಕಂಪ್ರೆಷನ್ ಏರಿಸಿದರು. 216ರಲ್ಲಿ ಅದು ಬರೀ 6.5 ಇತ್ತು. ಆ ಕಾಲದ ಕಳಪೆ ಪೆಟ್ರೋಲಿಗೆ ಅದಕ್ಕಿಂತ ಹೆಚ್ಚು ಇಟ್ಟರೆ ಎಂಜಿನ್ ಒಳಗೇ ಬಡಿದುಕೊಳ್ಳುತ್ತಿತ್ತು. ಯುದ್ಧದ ನಂತರ ಪೆಟ್ರೋಲ್ ಸುಧಾರಿಸಿದಾಗ ಏರಿಸಲು ಜಾಗ ಸಿಕ್ಕಿತು. ಒಳದಾರಿಗಳ ಗೋಡೆ ಉಜ್ಜಿ ನುಣುಪು ಮಾಡಿದರು. ಲಾಸ್ ಏಂಜಲೀಸಿನ ಎಡ್ ಇಸ್ಕೆಂಡೇರಿಯನ್ ಮುಂತಾದವರ ಅಂಗಡಿಗೆ ಹೋಗಿ ಹಳೆಯ ಕ್ಯಾಮ್‌ಶಾಫ್ಟನ್ನೇ ಹೊಸ ಆಕಾರಕ್ಕೆ ಉಜ್ಜಿಸಿಕೊಂಡರು. ಕ್ಯಾಲಿಫೋರ್ನಿಯಾ ಬಿಲ್ ಎಂಬ ಹೆಸರಿನಲ್ಲಿ ಬಿಲ್ ಫಿಶರ್ ಬರೆದ ಷೆವರ್ಲೆ, ಜಿಎಂಸಿ ಎಂಜಿನ್‌ಗಳ ಕೈಪಿಡಿ ಇವರೆಲ್ಲರ ಕೈಯಲ್ಲಿತ್ತು. ಬಲ್ಲವರು ಬಾಯಿಬಿಡದ ಗುಟ್ಟುಗಳನ್ನು ಪುಸ್ತಕ ಮಾಡಿ ಹಂಚಿದ ಆ ಮನುಷ್ಯನ ಉಪಕಾರ ದೊಡ್ಡದು.

ಹೊಗೆ ಕೊಳವೆಯನ್ನು ಎರಡು ಮಾಡುವುದು ಇನ್ನೂ ಅಗ್ಗದ ಕೆಲಸ. ಮುಂದಿನ ಮೂರಕ್ಕೆ ಒಂದು, ಹಿಂದಿನ ಮೂರಕ್ಕೆ ಒಂದು. ಮತ್ತೆ ಆ ಕ್ರಮ ನೆನಪಿಸಿಕೊಳ್ಳಿ: 1 ಮುಂದೆ, 5 ಹಿಂದೆ, 3 ಮುಂದೆ, 6 ಹಿಂದೆ, 2 ಮುಂದೆ, 4 ಹಿಂದೆ. ಒಂದು ಬಿಟ್ಟು ಒಂದು! ಎರಡೂ ಕೊಳವೆಗೆ 240 ಡಿಗ್ರಿಗೊಮ್ಮೆ ಸರಿಸಮನಾಗಿ ಹೊಗೆ ಬೀಳುತ್ತದೆ, ಒಂದರ ಒತ್ತಡ ಇನ್ನೊಂದಕ್ಕೆ ತಟ್ಟುವುದಿಲ್ಲ. ಇದರಿಂದ ಹುಟ್ಟುವ ಸದ್ದು ವಿ-8ರ ಗುಡುಗಿನಂತಲ್ಲ, ಕಂಚಿನ ಗಂಟಲಿನ ಸದ್ದು. ಆ ಸದ್ದಿಗಾಗಿಯೇ ಈ ಎಂಜಿನ್ ಹಿಡಿದವರು ಎಷ್ಟೋ ಮಂದಿ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ. ಕ್ಯಾಮ್ ಬದಲಿಸದೆ, ಹೆಡ್ ಮುಟ್ಟದೆ, ಬಾನೆಟ್ ಎತ್ತಿದಾಗ ಚೆಂದ ಕಾಣಲೆಂದು ಮೂರು ಕಾರ್ಬೊರೇಟರ್ ಕೂರಿಸುವವರ ಮೇಲೆ ಮಾತ್ರ ನನಗೆ ತಕರಾರಿದೆ. ಆ ಎಂಜಿನ್ ಮೊದಲಿಗಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ನಿಧಾನದ ಓಟದಲ್ಲಿ ತೊಡರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಗೆರೆ ಇದೆ. 235ರ ಪಿಸ್ಟನ್ ಒಂದು ಬಾರಿಗೆ ಸುಮಾರು 10 ಸೆಂಟಿಮೀಟರ್ ಓಡುತ್ತದೆ. ನಿಮಿಷಕ್ಕೆ 4,200 ಸುತ್ತಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 14 ಮೀಟರ್. 6,000ಕ್ಕೆ ಏರಿಸಿದರೆ 20 ಮೀಟರ್. ಪ್ರತಿ ತುದಿಯಲ್ಲೂ ಪಿಸ್ಟನ್ ನಿಂತು ತಿರುಗಬೇಕು, ಆ ಎಳೆತವನ್ನೆಲ್ಲ ರಾಡ್ ತಡೆಯಬೇಕು. ಇದರ ಜೊತೆಗೆ ಕ್ರ್ಯಾಂಕ್‌ಶಾಫ್ಟ್ ಉದ್ದವಾದದ್ದು, ಹಿಡಿದಿರುವುದು ನಾಲ್ಕೇ ಮುಖ್ಯ ಬೇರಿಂಗು. ಮುಂದಿನ ತುದಿಗೂ ಹಿಂದಿನ ತುದಿಗೂ ನಡುವೆ ಅದು ತಿರುಚಿಕೊಂಡು ಕಂಪಿಸುತ್ತದೆ. ಆ ಕಂಪನ ಹೀರಲೆಂದೇ ಮುಂದುಗಡೆ ಡ್ಯಾಂಪರ್ ಎಂಬ ಭಾರದ ಚಕ್ರ ಇದೆ. ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಅದನ್ನು ಕಿತ್ತವರ ಕ್ರ್ಯಾಂಕ್ ಮುರಿಯುವ ಅಪಾಯವಿದೆ. 1960ರ ದಶಕದಲ್ಲಿ ಬಂದ ಷೆವರ್ಲೆ 292, ಫೋರ್ಡ್ 300 ಎಂಜಿನ್‌ಗಳಲ್ಲಿ ಏಳು ಮುಖ್ಯ ಬೇರಿಂಗು ಇಟ್ಟರು. ಫೋರ್ಡ್ 300 ಪಿಕಪ್ ಲಾರಿಗಳಲ್ಲಿ 1965ರಿಂದ 1996ರವರೆಗೆ ಓಡಿತು.

ವೇಗದ ಮಾತು ಬಂದಾಗ ಕ್ಯಾಲಿಫೋರ್ನಿಯಾ ಒಂದನ್ನೇ ಹೇಳಿ ನಿಲ್ಲಿಸುವುದು ಅನ್ಯಾಯ. ಅರ್ಜೆಂಟಿನಾದಲ್ಲಿ ಮಣ್ಣು ರಸ್ತೆಗಳ ಮೇಲೆ ಊರಿಂದೂರಿಗೆ ಓಡುವ ಸ್ಪರ್ಧೆಗಳಲ್ಲಿ ಫೋರ್ಡ್ ವಿ-8 ಹಾಗೂ ಷೆವರ್ಲೆ ಆರು ಸಿಲಿಂಡರಿನ ನಡುವೆ ದೇಶವೇ ಎರಡಾಗಿತ್ತು. ಬಾಲ್ಕಾರ್ಸೆ ಎಂಬ ಸಣ್ಣ ಊರಿನ ಮೆಕ್ಯಾನಿಕ್ ಒಬ್ಬನಿಗೆ ಊರಿನವರೇ ಹಣ ಕೂಡಿಸಿ ಷೆವರ್ಲೆ ಕೊಡಿಸಿದ್ದರು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲಿಮಾಕ್ಕೆ ಹೋಗಿ ಮರಳುವ, ಸುಮಾರು 9,500 ಕಿಲೋಮೀಟರಿನ ಸ್ಪರ್ಧೆಯಲ್ಲಿ ಆತ ಷೆವರ್ಲೆ ಓಡಿಸಿ ಗೆದ್ದ. ದಾರಿ ಆಂಡಿಸ್ ಪರ್ವತಗಳನ್ನು ದಾಟುತ್ತಿತ್ತು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಕಾರ್ಬೊರೇಟರ್ ಕೊಡುವ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಉಸಿರುಗಟ್ಟುತ್ತದೆ. ಕೆಳಗಿಳಿದಾಗ ಮತ್ತೆ ಹದ ಬದಲಾಗಬೇಕು. ಎಂಜಿನನ್ನು ತಾನೇ ಬಿಚ್ಚಿ ಕಟ್ಟಿದವನಿಗಷ್ಟೇ ಅಂಥ ಓಟ ಒಲಿಯುತ್ತದೆ. ಆ ಮೆಕ್ಯಾನಿಕ್ಕಿನ ಹೆಸರು ಹುವಾನ್ ಮ್ಯಾನುಯೆಲ್ ಫಾಂಜಿಯೊ. ಮುಂದೆ ಯುರೋಪಿಗೆ ಹೋಗಿ 1951ರಿಂದ 1957ರ ನಡುವೆ ಐದು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ.

1955ಕ್ಕೆ ಷೆವರ್ಲೆ ತಾನೇ ಹಗುರವಾದ 265 ಘನ ಇಂಚಿನ ವಿ-8 ತಂದಿತು. ಕಂಪನಿಯಿಂದ ಹೊರಬರುವಾಗಲೇ ಅದು 162 ಅಶ್ವಶಕ್ತಿ ಕೊಡುತ್ತಿತ್ತು. ಅಲ್ಲಿಗೆ ಆರು ಸಿಲಿಂಡರಿನ ಕಡೆ ಹೊರಳುವ ಹೊಸಬರು ಕಡಿಮೆಯಾದರು. ಉಳಿದವರು ಲೆಕ್ಕಾಚಾರದಿಂದ ಉಳಿದವರಲ್ಲ, ಪ್ರೀತಿಯಿಂದ ಉಳಿದವರು. ಅವರ ದೆಸೆಯಿಂದಲೇ ಇಂದೂ ಈ ಎಂಜಿನ್‌ಗಳಿಗೆ ಹೊಸ ಪಿಸ್ಟನ್, ಹೊಸ ಕ್ಯಾಮ್, ಎರಡು ಕಾರ್ಬೊರೇಟರಿನ ಮ್ಯಾನಿಫೋಲ್ಡ್ ಅಮೆರಿಕದಲ್ಲಿ ಸಿಗುತ್ತವೆ.

ಈ ಎಂಜಿನ್ ನಮ್ಮ ದೇಶಕ್ಕೂ ಅಪರಿಚಿತವಲ್ಲ. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆದು 1954ರವರೆಗೆ ನಡೆಸಿತು, ಷೆವರ್ಲೆ ಕಾರು, ಲಾರಿ, ಬಸ್ಸುಗಳು ಅಲ್ಲಿಂದಲೇ ದೇಶದ ರಸ್ತೆಗಳಿಗೆ ಬಂದವು. ಅದು ಮುಚ್ಚಿದ ವರ್ಷವೇ ಜಮ್‌ಶೆಡ್‌ಪುರದಲ್ಲಿ ಟಾಟಾದವರು ಬೆನ್ಜ್ ಜೊತೆ ಸೇರಿ ಆರು ಸಿಲಿಂಡರಿನ ಡೀಸೆಲ್ ಲಾರಿ ತಯಾರಿಸಲು ತೊಡಗಿದರು. ಪೆಟ್ರೋಲ್ ಲಾರಿಗಳು ಒಂದೊಂದಾಗಿ ಶೆಡ್ಡು ಸೇರಿದವು, ಬಹುಪಾಲು ಗುಜರಿಗೆ ಹೋದವು.

ನಮ್ಮಲ್ಲಿ ಯಾರಾದರೂ ಈ ಕಸುಬನ್ನು ರಸ್ತೆಯ ಗಾಡಿಯ ಮೇಲೆ ಮಾಡಹೊರಟರೆ ಕಾನೂನು ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಗಾಡಿ ಮೂಲ ರೂಪದಲ್ಲೇ ಇರಬೇಕು ಎನ್ನುತ್ತದೆ. ಅದು ನನಗೆ ಒಪ್ಪಿಗೆಯೇ. ಅಮೆರಿಕದಲ್ಲಿ ಈ ಎಂಜಿನ್‌ಗಳು ಇಂದಿಗೂ ಬೇಕಾದಷ್ಟಿವೆ, ಹತ್ತನ್ನು ತಿದ್ದಿದರೆ ನಷ್ಟವಿಲ್ಲ. ಇಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು, ಅವು ಇದ್ದ ಹಾಗೇ ಉಳಿಯಬೇಕು. ಬಿಚ್ಚಿ ತಿದ್ದಿ ಕಲಿಯುವ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು, ಐಟಿಐಗಳು ರಸ್ತೆಗಿಳಿಯದ ಎಂಜಿನ್ ಮೇಲೆ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮಾಡಿಸಲಿ. 1-5-3-6-2-4ರ ಲೆಕ್ಕವನ್ನು ಕೈಯಿಂದ ಕ್ರ್ಯಾಂಕ್ ತಿರುಗಿಸಿ ನೋಡಿದ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ.

ನಿಮ್ಮ ಊರಿನ ಯಾವುದಾದರೂ ಹಳೆಯ ಅಕ್ಕಿ ಗಿರಣಿಯಲ್ಲೋ ಎಸ್ಟೇಟಿನ ಶೆಡ್ಡಿನಲ್ಲೋ ಅಂಥ ಪೆಟ್ರೋಲ್ ಲಾರಿ ನಿಂತಿದ್ದರೆ ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಲು ಹೋಗಬೇಡಿ. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು, ಕೆಲವು ದಿನ ಹಾಗೇ ಇರಲು ಬಿಡಿ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿದರೆ ಸಂಪ್ ಬಿಚ್ಚಿಸಿ ಹಳೆಯ ಆಯಿಲ್ ತೆಗೆಸಿ, ಬೇರಿಂಗ್ ನೋಡಿಸಿ. ತಿರುಗದಿದ್ದರೂ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಹಳೆಯ ಗಾಡಿಗಳನ್ನು ಬಲ್ಲ ಒಬ್ಬ ಮೇಸ್ತ್ರಿಗೆ ತೋರಿಸಿ, ಇಲ್ಲವೇ ಹಳೆಯ ವಾಹನಗಳ ಸಂಗ್ರಹ ನಡೆಸುತ್ತಿರುವ ಧರ್ಮಸ್ಥಳದಂಥ ಕಡೆ ಒಂದು ಮಾತು ಕೇಳಿ. ಅಮೆರಿಕದಲ್ಲಿ ಆ ಬ್ಲಾಕುಗಳನ್ನು ಎರಕ ಹೊಯ್ಯುವುದು ನಿಂತು 60 ವರ್ಷ ದಾಟಿದೆ.